ಮಾವನ ಡ್ರಮ್ಮಿನ ಅಸಲಿ ಗುರುತು

ನಮ್ಮ ಸೋದರಮಾವನಿಗೆ ಗುರುತು ಹಚ್ಚಲಾಗದ ವಸ್ತು ಈ ಭೂಮಿಯ ಮೇಲೆ ಇಲ್ಲ. ಹಚ್ಚಿದ ಗುರುತು ಸರಿಯಾಗಿಯೂ ಇರಬೇಕೆಂದು ಹಟ ಹಿಡಿಯುವವರು ಮಾತ್ರ ಅವನಿಂದ ದೂರ ಇರಬೇಕು! ಸುರಪುರದ ಗುಡ್ಡದಲ್ಲಿ ಸಿಕ್ಕ ಕಲ್ಲೊಂದನ್ನು ಫಿರಂಗಿಯ ಗುಂಡು ಎಂದು ಮನೆಗೆ ಹೊತ್ತು ತಂದವನು ಅವನು. ಅತ್ತೆ ಅದೇ ದಿನ ಅದರಿಂದ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟಿದಳು. ಇವತ್ತಿಗೂ ಆ ಮನೆಯಲ್ಲಿ ಅದಕ್ಕೆ 'ಫಿರಂಗಿ ಹಿಂಡಿ' ಎಂದೇ ಹೆಸರು. ರುಚಿಗೆ ಮಾತ್ರ ಎರಡು ಮಾತಿಲ್ಲ.

ಶಹಾಪುರದಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದ ಈ ಮಾವ ಹೋದ ವರ್ಷ ಕೆಂಭಾವಿ ಸಂತೆಗೆ ಬದನೆಕಾಯಿ ತರಲು ಹೋದ. ತಂದದ್ದು ಒಂದು ಹಳೇ ಡ್ರಮ್ಮು. ಪರೇಡಿನಲ್ಲಿ ಕೊರಳಿಗೆ ಹಾಕಿಕೊಂಡು ಎರಡು ಕೋಲಿನಿಂದ ಬಾರಿಸುತ್ತಾರಲ್ಲ, ತಳದ ಚರ್ಮಕ್ಕೆ ತಂತಿಗಳ ಸಾಲು ತಾಗಿ ಝಿರ್ರೆನ್ನುತ್ತದಲ್ಲ, ಅದು. ಗುಜರಿಯವನು ಅದರ ಮೇಲೆ ತಕ್ಕಡಿ ಇಟ್ಟುಕೊಂಡು ಕೂತಿದ್ದನಂತೆ. ಎರಡು ಪ್ಲೇಟು ಮಿರ್ಚಿ ಭಜಿಯ ದುಡ್ಡಿಗೆ ಕೊಟ್ಟುಬಿಟ್ಟ.

"ಬದನಿಕಾಯಿ ಎಲ್ಲವ್ರಿ?" ಎಂದಳು ಅತ್ತೆ.

"ಅಸಲಿ ವಿಲಾಯ್ತಿ ಮಾಲ್ ಅದ, ನೋಡು!"

"ಹೌದಾ? ಹಂಗಾದ್ರ ಇದನ್ನೇ ಹೆಚ್ಚಿ ಪಲ್ಯ ಮಾಡ್ಲೇನು?"

ಅಂದಿನಿಂದ ತನಿಖೆ ಶುರು! ಮೈಮೇಲಿನ ಬಣ್ಣವನ್ನು ಪದರು ಪದರಾಗಿ ಕೆರೆದ. ಮೇಲಿನ ಬೆಳ್ಳಿ ಬಣ್ಣ ಮದುವೆ ಬ್ಯಾಂಡಿನವರದು, ಅದರ ಕೆಳಗಿನ ಕೆಂಪು ಯಾವುದೋ ಶಾಲೆಯದು, ಹಸಿರು ಪಲ್ಟನ್ನಿನದು ಎಂದು ತೀರ್ಪು ಕೊಟ್ಟ. ಕಂಪನಿಯ ಬಿಲ್ಲೆ ಇರಬೇಕಾದ ಜಾಗದಲ್ಲಿ ಇದ್ದದ್ದು ಎರಡು ತೂತು. ನಾವು ಅವನ ಮನೆಗೆ ಹೋದಾಗ ನನ್ನ ಮಗಳ ಕಂಪಾಸ್ ಪೆಟ್ಟಿಗೆ ತರಿಸಿ ಆ ತೂತುಗಳ ನಡುವಿನ ಅಂತರ ಅಳೆದ. ಕೊನೆಗೆ ಡ್ರಮ್ಮನ್ನು ನೆಕ್ಕಿಯೂ ನೋಡಿದ!

"ಹಿತ್ತಾಳಿ ಅದ. ತಾಮ್ರ ಇದ್ರ ನಾಲಿಗಿಗಿ ಬ್ಯಾರೆ ಹತ್ತತದ" ಎಂದ. ತಾಮ್ರವನ್ನು ಯಾವಾಗ ನೆಕ್ಕಿದ್ದ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ನಗಬೇಡಿ, ಅವನ ಕೈಗುಣವನ್ನು ಮೆಚ್ಚಲೇಬೇಕು. ಹರಿದ ಚರ್ಮ ತೆಗೆದು ಆಡಿನ ಚರ್ಮ ಹೆರೆದು ಹಾಕಿದ. ಬೈಕಿನ ಕ್ಲಚ್ ವಾಯರ್ ಬಿಡಿಸಿ, ಎಳೆ ಎಳೆ ಜೋಡಿಸಿ ತಂತಿ ಬಿಗಿದ. ಯಾರು ಕಲಿಸಿದ್ದರು ಇದನ್ನೆಲ್ಲ? ಯಾರೂ ಇಲ್ಲ! ಕೂತನೆಂದರೆ ಎಂಥ ಏಕಾಗ್ರತೆ! ಬೆನ್ನ ಹಿಂದೆ ನಿಂತು ಎಷ್ಟು ಕೂಗಿದರೂ ತಿರುಗುತ್ತಿರಲಿಲ್ಲ. ಮಗುವಿಗೆ ಜ್ವರ ನೋಡುವವನ ಹಾಗೆ ಇಡೀ ದಿನ ಡ್ರಮ್ಮಿನ ಮೇಲೆ ಅಂಗೈ ಇಟ್ಟುಕೊಂಡು ಕೂತಿರುತ್ತಿದ್ದ.

ತಂತಿ ಬಿಗಿದ ಮೇಲೆ ಹೊಸ ಫಜೀತಿ. ಅತ್ತೆಯ ದನಿ ಸ್ವಲ್ಪ ಜೋರು. ಅವಳು ಅಡುಗೆಮನೆಯಿಂದ ಬಾಯಿ ತೆರೆದರೆ ಸಾಕು, ಯಾರೂ ಮುಟ್ಟದ ಡ್ರಮ್ಮು ತಾನಾಗಿ ಝಿರ್ ಎನ್ನುವುದು!

"ಇಷ್ಟ್ ವರ್ಷ ನೀವು ತಿರುಗಿ ಮಾತಾಡಿರಲಿಲ್ಲ. ಈಗ ನಿಮ್ಮ ಡಬ್ಬಿ ಮಾತಾಡ್ಲಾಕತ್ತದ!" ಅತ್ತೆ ರೇಗಿದಳು. "ಬರೋ ಐತವಾರದೊಳಗ ಇದು ಏನು, ಎಲ್ಲಿದು, ಬರಾಬರ್ ಹೇಳ್ರಿ. ಇಲ್ಲಂದ್ರ ಗುಜರಿ ಗಾಡಿಗಿ ಹಾಕ್ತೀನಿ."

ಮಾವ ಗಾಬರಿಯಾಗಿ ಡ್ರಮ್ಮಿನ ಮೂವತ್ತು ಫೋಟೋ ನನಗೆ ಕಳಿಸಿದ. ನಾನು ನಮ್ಮೂರು ಯಾದಗಿರಿಯಲ್ಲಿ ಒಬ್ಬ ವಯಸ್ಸಾದ ಬ್ಯಾಂಡ್ ಮಾಸ್ತರರನ್ನು ಹುಡುಕಿ ಅವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ ಹೇಳಿದರು: "ಪೀಪಾಯಿ ಒಂದು ಡ್ರಮ್ಮಿಂದು, ರಿಂಗು ಇನ್ನೊಂದರದು, ಸ್ಕ್ರೂ ಸೈಕಲ್ಲಿಂದು. ಹಳೇದು ಖರೇ. ಆದ್ರ ಇಂಥದೇ ಅಂತ ಆ ದೇವ್ರೂ ಹೇಳಂಗಿಲ್ಲ."

ಭಾನುವಾರ ಶಹಾಪುರಕ್ಕೆ ಹೋಗಿ, ಮಾವನ ಎದುರು ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಜಗಳಕ್ಕೆ ಬೀಳುತ್ತಾನೆ ಎಂದುಕೊಂಡಿದ್ದೆ. ಅವನು ತಲೆ ತಗ್ಗಿಸಿ ಡ್ರಮ್ಮಿನ ಅಂಚು ಸವರಿದ. ಅತ್ತೆ ಬಂದು ಡ್ರಮ್ಮನ್ನು ಎತ್ತಿ ಸೊಂಟಕ್ಕಿಟ್ಟುಕೊಂಡಳು.

"ತಡಿ" ಎಂದ ಮಾವ. "ಎರಡು ವರ್ಷಾತು, ನನ್ನ ಕಿವಿ ಹೋಗ್ಯಾವ. ಎದುರಿಗಿದ್ದವ್ರ ತುಟಿ ನೋಡಿ ತಿಳ್ಕೋತೀನಿ. ನೀ ಒಳಗಿಂದ ಕರದ್ರ ಏನೂ ಗೊತ್ತಾಗ್ತಿರಲಿಲ್ಲ. ಇದರ ಮ್ಯಾಲ ಕೈ ಇಟ್ರ ಗೊತ್ತಾಗ್ತದ... ನೀ ಕರೀಲಾಕತ್ತಿ ಅಂತ."

ಇಡೀ ಮೈದಾನಕ್ಕೆ ಕೇಳುವಂತೆ 'ಸಾವಧಾನ್' ಕೂಗಿದ ಮನುಷ್ಯ, ಇದನ್ನು ಹೇಳಲು ನಾಚಿ ಎರಡು ವರ್ಷ ಸುಮ್ಮನಿದ್ದ!

ಅತ್ತೆ ಡ್ರಮ್ಮನ್ನು ಇದ್ದ ಜಾಗದಲ್ಲೇ ಇಟ್ಟಳು. ಅವನ ಕೈ ಹಿಡಿದು ಅದರ ಮೇಲೆ ಇಟ್ಟಳು. ಆಮೇಲೆ ಅಡುಗೆಮನೆಗೆ ಹೋಗಿ, ಸೆರಗಿನಿಂದ ಮುಖ ಒರೆಸಿಕೊಂಡು, ಗೋಡೆಯ ಆಚೆಯಿಂದ ಕೂಗಿದಳು:

"ರೀ!"

ತಂತಿ ಝಿರ್ ಎಂದಿತು.

"ಬಂದೆ" ಎಂದು ಮಾವ ಎದ್ದ.