ಲ್ಯಾಬಿನಲ್ಲಿ ಅಳತೆಗೆ ಸಿಕ್ಕವರು

ಸೆನ್ಸಾರ್ ಅಂದರೆ ಎದುರಿಗೆ ಇದ್ದದ್ದನ್ನು ಅಳೆದು ಇದ್ದ ಹಾಗೆ ಹೇಳುವ ಯಂತ್ರ. ಅಂಥದ್ದೊಂದು ಜನರ ನಡುವೆ ಕೂತರೆ ದಿನಕ್ಕೊಂದು ಫಜೀತಿ ಗ್ಯಾರಂಟಿ. ನಾನು ಇಂಡಿ ತಾಲೂಕಿನ ಹಳ್ಳಿಯವ. ಮುಂಬಯಿ ಹತ್ತಿರದ ಡೊಂಬಿವಲಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಲ್ಯಾಬ್ ಅಸಿಸ್ಟೆಂಟ್. ಠಾಣೆಯಿಂದ ಕಲ್ಯಾಣದವರೆಗೆ ನನ್ನಷ್ಟು ಬೇಗ ಪ್ರಯೋಗ ಜೋಡಿಸುವವ ಇನ್ನೊಬ್ಬನಿಲ್ಲ. ಇದು ಜಂಬ ಅಲ್ಲ, ಮಾಹಿತಿ.

ಆದರೂ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಹೊಸ ಸೆನ್ಸಾರ್ ಸೆಟ್ಟು ಬಂದ ದಿನವೇ ನಮ್ಮ ವಿಭಾಗದ ಮುಖ್ಯಸ್ಥೆ, ಉಡುಪಿ ಕಡೆಯ ಮೇಡಂ, ಹೇಳಿಬಿಟ್ಟರು: "ಇನ್‌ಸ್ಪೆಕ್ಷನ್ ದಿನ ಇವೆಲ್ಲ ನಡೆದರೆ ನೀನು ಪರ್ಮನೆಂಟ್. ಇಲ್ಲದಿದ್ರೆ ನಿನ್ನ ಜಾಗಕ್ಕೆ ಬೇರೆಯವರು. ಆಯ್ತಾ ಮಾರಾಯ?"

"ಆಗೇಬಿಟ್ಟೈತಿ ಅಂತ ತಿಳೀರಿ ಮೇಡಂ," ಅಂದೆ.

೧. ಎದೆ

ಮೊದಲು ದೂರ ಅಳೆಯುವ ಸೆನ್ಸಾರ್. ಅದು ಬಿಟ್ಟ ಶಬ್ದ ಎಲ್ಲೋ ಬಡಿದು ವಾಪಸ್ ಬರುವ ಹೊತ್ತು ನೋಡಿ ದೂರ ಹೇಳುತ್ತದೆ. ಹಳಿಯ ಮೇಲೆ ಪುಟ್ಟ ಗಾಡಿ ತಳ್ಳಿದೆ. ಗಾಡಿ ಓಡಿತು, ಕಂಪ್ಯೂಟರ್ ಪರದೆಯ ಮೇಲಿನ ಗೆರೆ ಅಲ್ಲಾಡಲಿಲ್ಲ. ಬಗ್ಗಿ ಬಗ್ಗಿ ನೋಡಿದೆ. ಮಾಡಿ ಕಳಿಸಿದವರನ್ನು ಬೈದೆ.

ಮೇಡಂ ಬಂದರು. "ನೀನು ಹಿಂದೆ ಸರಿ ಮಾರಾಯ. ಅದು ಗಾಡಿಯನ್ನಲ್ಲ, ನಿನ್ನ ಎದೆಯನ್ನು ಅಳೀತಾ ಉಂಟು."

"ಗರಡಿಮನಿ ಎದಿರೀ ಮೇಡಂ! ಶಬ್ದ ಆದ್ರೂ ದಾಟಿ ಹ್ಯಾಂಗ ಹೋಗಬೇಕು?"

೨. ಸಾರು

ಬಿಸಿನೀರು ಆರುವಾಗ ಉಷ್ಣತೆ ಹೇಗೆ ಇಳಿಯುತ್ತದೆ ಅನ್ನುವ ಪ್ರಯೋಗ. ಹೀಟರ್ ಕೈಕೊಟ್ಟಿತ್ತು. ಕ್ಯಾಂಟೀನಿನ ಉಡುಪಿ ಅಣ್ಣನಿಗೆ ಒಂದು ಪಾತ್ರೆ ಬಿಸಿನೀರು ಕಳಿಸಿ ಅಂದೆ. ಬಂದದ್ದು ಘಮಘಮಿಸುವ ಟೊಮೆಟೊ ಸಾರು.

ಫೋನ್ ಮಾಡಿದರೆ, "ಕಾಲೇಜಿನವರಿಗೆ ಬರೀ ನೀರು ಕಳಿಸಿದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು ಮಾರಾಯ್ರೆ?"

ಪೀರಿಯಡ್ ಮುಗಿಯುತ್ತಿತ್ತು, ಸಾರಿಗೇ ಸೆನ್ಸಾರ್ ಇಳಿಸಿದೆ. ಗೆರೆ ಚೆಂದಾಗಿ ಇಳಿಯುತ್ತಿದ್ದದ್ದು ಒಮ್ಮೆಲೇ ಬುಡಕ್ಕೆ ಬಿತ್ತು. ತಿರುಗಿ ನೋಡಿದರೆ ಪಾತ್ರೆ ಖಾಲಿ.

"ಸರ್, ಠಂಡಾ ಹೋ ರಹಾ ಥಾ," ಆರಿಹೋಗುತ್ತಿತ್ತು ಅಂದ ಒಬ್ಬ ವಿದ್ಯಾರ್ಥಿ, ತುಟಿ ಒರೆಸಿಕೊಳ್ಳುತ್ತ.

ಜರ್ನಲಿನಲ್ಲಿ 'ಪ್ರಯೋಗದಲ್ಲಿ ಕಂಡ ದೋಷ' ಅನ್ನುವಲ್ಲಿ ಹುಡುಗಿಯೊಬ್ಬಳು ಬರೆದಿದ್ದಳು: ಉಪ್ಪು ಕಡಿಮೆ.

೩. ಹಣೆ

ಇನ್‌ಸ್ಪೆಕ್ಷನ್ ದಿನ ಬಂತು. ನಮ್ಮೂರಲ್ಲಿ ಹೊಸ ಟ್ರ್ಯಾಕ್ಟರಿಗೂ ಪೂಜೆಯಾಗದೆ ಕೀಲಿ ತಿರುಗಿಸುವುದಿಲ್ಲ. ಬೆಳಿಗ್ಗೆಯೇ ಊದಿನಕಡ್ಡಿ ಹಚ್ಚಿ, ಪ್ರತಿ ಸೆನ್ಸಾರಿಗೂ ನಟ್ಟನಡುವೆ ಕುಂಕುಮ ಇಟ್ಟೆ.

ಇನ್‌ಸ್ಪೆಕ್ಷನ್ನಿಗೆ ಬಂದ ಮರಾಠಿ ಸಾಹೇಬರು ಲೋಲಕದ ಮುಂದೆ ನಿಂತರು. ದಾರಕ್ಕೆ ಕಟ್ಟಿದ ಗುಂಡು ಬೆಳಕಿನ ಕಿರಣ ದಾಟಿದಾಗಲೆಲ್ಲ ಸೆನ್ಸಾರ್ ಎಣಿಸಬೇಕು. ಗುಂಡು ತೂಗಿತು. ಪರದೆಯ ಮೇಲೆ ಸೊನ್ನೆ. ಮತ್ತೆ ತೂಗಿತು. ಮತ್ತೆ ಸೊನ್ನೆ. ಮೇಡಂ ನನ್ನನ್ನು ನೋಡಿದರು. ನಾನು ಸೂರು ನೋಡಿದೆ. ನನ್ನ ನೌಕರಿಯೂ ಅದೇ ದಾರಕ್ಕೆ ನೇತಾಡುತ್ತಿತ್ತು.

ಸಾಹೇಬರು ಕನ್ನಡಕ ಏರಿಸಿ ಬಗ್ಗಿದರು. ಬೆಳಕು ಹೊರಡುವ ಕಿಂಡಿಯ ತುಂಬ ಕುಂಕುಮ! ಬೆರಳಿನಿಂದ ಒರೆಸಿದರು. ಪರದೆ ಟಕಟಕ ಎಣಿಸತೊಡಗಿತು.

ಈಗ ಬೆರಳು ಕೆಂಪು, ಸಾಹೇಬರ ಪ್ಯಾಂಟು ಬಿಳಿ. ಕುಂಕುಮವನ್ನು ಎಲ್ಲೆಂದರಲ್ಲಿ ಒರೆಸುವುದಾದರೂ ಹೇಗೆ? ಅತ್ತಿತ್ತ ನೋಡಿ, ತಮ್ಮ ಹಣೆಗೇ ಹಚ್ಚಿಕೊಂಡು ಲೋಲಕಕ್ಕೆ ಕೈ ಮುಗಿದರು. ಅವರು ಮುಗಿದದ್ದು ನೋಡಿ ಮೇಡಂ ಮುಗಿದರು, ಹಿಂದೆ ಇಡೀ ಕ್ಲಾಸು ಮುಗಿಯಿತು.

"ಪೂಜಾ ಕೋಣೀ ಕೇಲೀ?" ಪೂಜೆ ಮಾಡಿದ್ದು ಯಾರು ಅಂತ ಕೇಳಿದರು ಸಾಹೇಬರು.

"ನಾನೇರೀ!" ಎದೆ ಉಬ್ಬಿಸಿದೆ.

ಸಾಹೇಬರು ಮೇಡಂ ಕಡೆ ತಿರುಗಿ ಮರಾಠಿಯಲ್ಲೇ ಹೇಳಿದರು: "ಸೆಟ್ಟು ಚೆನ್ನಾಗಿ ನಡೀತಿದೆ, ಹುಡುಗನನ್ನು ಕಾಯಂ ಮಾಡಿ. ಆದರೆ ಯಂತ್ರದ ಹಣೆ ಯಾವುದು, ಕಣ್ಣು ಯಾವುದು ಅಂತ ಮೊದಲು ಅವನಿಗೆ ತೋರಿಸಿ."