ಸೋರುವ ನಲ್ಲಿ ಕಂಡರೆ ಸುಮ್ಮನಿರಲಾರದವನ ಹೂಡಿಕೆ

'ನಿಮ್ಮ ಗುಣವೇ ನಿಮ್ಮ ಬಂಡವಾಳ' ಎಂಬ ಒಂದು ದಿನದ ಆಸ್ತಿ ಹೂಡಿಕೆ ಶಿಬಿರದ ಪರಮಪೂಜ್ಯ ತರಬೇತುದಾರರಿಗೆ,

ಮಾನ್ಯರೇ,

ತಾವು ಕ್ಷೇಮವೆಂದೂ, ತಮ್ಮ ಕೋಟಿನ ಇಸ್ತ್ರಿ ಕೆಟ್ಟಿಲ್ಲವೆಂದೂ, ತಮ್ಮ ಶಿಬಿರಕ್ಕೆ ನನ್ನಂಥವರ ಬರ ಬಂದಿಲ್ಲವೆಂದೂ ನಂಬಿ ಈ ಬಹಿರಂಗ ಪತ್ರವನ್ನು ತಲೆಬಾಗಿ ಬರೆಯುತ್ತಿದ್ದೇನೆ. ಮೂರನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಕೂತಿದ್ದ ಪ್ಲಂಬರ್ ನಾನು. ಇಪ್ಪತ್ತೆರಡು ವರ್ಷ ಕಂಡವರ ಸಿಂಕುಗಳ ಕೆಳಗೆ ಮಡಿಸಿಟ್ಟ ನನ್ನ ಮೊಣಕಾಲುಗಳು ಈಗ ಮಡಿಸಿದರೆ ಬಿಡಿಸಲು ಒಪ್ಪುವುದಿಲ್ಲವಾದ್ದರಿಂದ, ಅವು ಪೂರ್ತಿ ಕೈಕೊಡುವ ಮೊದಲೇ ಒಂದು ಹಳೆಯ ಪುಟ್ಟ ಮನೆ ಕೊಂಡು, ರಿಪೇರಿ ಮಾಡಿ, ಬಾಡಿಗೆಗೆ ಕೊಟ್ಟು ಕಾಲು ಚಾಚಿ ಕೂರೋಣವೆಂದು ತಮ್ಮ ಪಾದದ ಬಳಿ ಬಂದಿದ್ದೆ.

ತಾವು ಅಂದು ನನ್ನ ಭುಜ ತಟ್ಟಿ, "ಎಲ್ಲರೂ ಗೋಡೆ ಬಣ್ಣ ನೋಡ್ತಾರೆ, ನೀವು ಗೋಡೆ ಒಳಗಿನ ಪೈಪು ನೋಡ್ತೀರಿ. ದೋಷ ಹುಡುಕಿ, ರೇಟು ಇಳಿಸಿ. ಇದೇ ನಿಮ್ಮ ಬಲ!" ಎಂದು ಅಪ್ಪಣೆ ಕೊಡಿಸಿದಿರಿ. ಹುಡುಕುವ ಮಟ್ಟಿಗೆ ತಮ್ಮ ಮಾತು ನೂರಕ್ಕೆ ನೂರು ನಿಜವಾಯಿತೆಂದು ತಿಳಿಸಲು ಸಂತೋಷಪಡುತ್ತೇನೆ.

ಮೊದಲು ನೋಡಿದ್ದು ಬೇಕರಿಯ ಹಿಂದಿನ ಮನೆ. ಒಳಗೆ ಕಾಲಿಟ್ಟ ಎರಡೇ ನಿಮಿಷಕ್ಕೆ ಬಚ್ಚಲ ನಲ್ಲಿ ತೊಟ್ಟಿಕ್ಕುವ ಸದ್ದು ಕಿವಿಗೆ ಬಿತ್ತು. ಆದರೆ ಮಾನ್ಯರೇ, ದೋಷ ಕಂಡ ಮೇಲೂ ಅದನ್ನು ಹಾಗೆಯೇ ಬಿಟ್ಟು ಹೊರಗೆ ಬಂದು ವ್ಯಾಪಾರ ಮಾತಾಡುವುದು ಹೇಗೆಂದು ತಾವು ಕಲಿಸಿರಲಿಲ್ಲ. ಚೀಲದಲ್ಲಿ ಸ್ಪ್ಯಾನರ್ ಇತ್ತು, ಕೈ ಸುಮ್ಮನಿರಲಿಲ್ಲ, ವಾಷರ್ ಬದಲಾಗಿಹೋಯಿತು. ಮನೆಯೊಡತಿ ನಲ್ಲಿಯನ್ನು ಮೂರು ಸಲ ತಿರುಗಿಸಿ ನೋಡಿ, "ಅಯ್ಯೋ, ಇದೊಂದು ಕಾಟಕ್ಕೇ ಅಲ್ವಾ ನಾನು ಮನೆ ಮಾರೋಕೆ ಹೊರಟಿದ್ದು!" ಎನ್ನುತ್ತ ನನ್ನನ್ನು ಬಹಳ ಪ್ರೀತಿಯಿಂದ ಗೇಟಿನವರೆಗೆ ಬೀಳ್ಕೊಟ್ಟರು.

ಎರಡನೆಯದು ನಿವೃತ್ತ ಗುಮಾಸ್ತರೊಬ್ಬರ ಮನೆ; ತಾರಸಿಯ ಟ್ಯಾಂಕು ಉಕ್ಕುವುದನ್ನು ನಾನು ನಿಲ್ಲಿಸಿ ಕೆಳಗಿಳಿಯುವಷ್ಟರಲ್ಲಿ ಅವರು ಬೆಲೆ ಏರಿಸಿದ್ದರು. ಮೂರನೆಯ ಮನೆಯವನಿಗಂತೂ ಮಾರುವ ಯೋಚನೆಯೇ ಇರಲಿಲ್ಲ. ಮನೆ ನೋಡಲು ಬಂದು ಪುಕ್ಕಟೆ ರಿಪೇರಿ ಮಾಡಿಹೋಗುವ ನನ್ನ ಸುದ್ದಿ ಕೇಳಿ, ಮೋರಿ ಕಟ್ಟಿಕೊಂಡದ್ದಕ್ಕೆ 'ಮನೆ ಮಾರಾಟಕ್ಕಿದೆ' ಎಂದು ಬೋರ್ಡು ತಗುಲಿಸಿದ್ದನೆಂದು ಆಮೇಲೆ ತಿಳಿಯಿತು. ಈಗ ನಮ್ಮ ಬಡಾವಣೆಯಲ್ಲಿ ಅಂಥ ಬೋರ್ಡುಗಳು ಹನ್ನೊಂದಿವೆ. ತಮ್ಮ ಕೃಪೆಯಿಂದ ಇಲ್ಲಿನ ಆಸ್ತಿಗಳೆಲ್ಲ ನನ್ನ ಕೈಗೆ ಎಟುಕದಷ್ಟು ಬೆಲೆ ಬಾಳುತ್ತಿವೆ. ಹನ್ನೊಂದನೆಯ ಮನೆಯ ಸಿಂಕಿನಡಿಯಿಂದ ಏಳಲು ಮನೆಯವರಿಬ್ಬರು ಕೈಹಿಡಿದು ಎತ್ತಬೇಕಾಗಿ ಬಂದಾಗ, ನಗೆಯಾಡುವ ನನಗೂ ನಿಜಕ್ಕೂ ಹೆದರಿಕೆಯಾಯಿತು.

ಆದ್ದರಿಂದ ತಾವು ಗುರುತಿಸಿಕೊಟ್ಟ ಈ ಬಲವನ್ನು ದಯಮಾಡಿ ವಾಪಸು ಪಡೆದು, ಬದಲಿಗೆ ಒಂದಿಷ್ಟು ಉತ್ತಮ ದರ್ಜೆಯ ಸೋಮಾರಿತನವನ್ನೋ, ಮನೆ ನೋಡುವ ಅರ್ಧ ಗಂಟೆಯ ಮಟ್ಟಿಗೆ ಕಿವುಡನ್ನೋ ಮಂಜೂರು ಮಾಡಬೇಕು. ಅದಾಗದಿದ್ದರೆ, ನಾನು ಕಾಲಿಟ್ಟಲ್ಲಿ ತೊಟ್ಟಿಕ್ಕಕೂಡದೆಂದು ಸಮಸ್ತ ನಲ್ಲಿಗಳಿಗೆ ಸುತ್ತೋಲೆಯನ್ನಾದರೂ ಹೊರಡಿಸಬೇಕು.

ಇಷ್ಟು ಬರೆದಿಟ್ಟಿದ್ದೆ. ನಿನ್ನೆ ಇದನ್ನು ಓದಿದ ನನ್ನ ಹೆಂಡತಿ ನನ್ನ ಚೀಲವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ನನ್ನನ್ನು ಎದುರು ಫುಟ್‌ಪಾತಿನಲ್ಲಿ ನಿಲ್ಲಿಸಿ, ಹನ್ನೆರಡನೆಯ ಮನೆಗೆ ತಾನೊಬ್ಬಳೇ ಹೋದಳು. ಅವಳು ಶಾಲೆಯ ಟೀಚರು. ಪರೀಕ್ಷೆಯ ಕೊಠಡಿಯಲ್ಲಿ ಮೂರು ಗಂಟೆ ತುಟಿ ಬಿಚ್ಚದೆ ನೋಡುತ್ತ ಕೂರುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಮಾಲೀಕನ ಎದುರಿಗೂ ಹಾಗೇ ಕೂತಳಂತೆ. ಹತ್ತು ನಿಮಿಷಕ್ಕೆ ಅವನು ಟ್ಯಾಂಕಿನ ಬಿರುಕು ಒಪ್ಪಿಕೊಂಡ, ಇಪ್ಪತ್ತಕ್ಕೆ ಒದ್ದೆ ಗೋಡೆ ಒಪ್ಪಿಕೊಂಡ, ಅರ್ಧ ಗಂಟೆಗೆ ಯಾರೂ ಕೇಳದಿದ್ದರೂ ಮೂರು ಸಲ ಬೆಲೆ ಇಳಿಸಿ ಮುಂಗಡ ತೆಗೆದುಕೊಂಡ. ನಾಲ್ಕು ಕಡೆ ಸೋರುವ ಎರಡು ಕೋಣೆಯ ಆ ಮನೆ ಈಗ ನಮ್ಮದಾಗಲಿದೆ.

ಇನ್ನೂ ಪೂರ್ತಿ ಸೋರಿಹೋಗದ ಗೌರವದೊಂದಿಗೆ,

ತಮ್ಮ ವಿಶ್ವಾಸಿ,
ಮೂರನೆಯ ಸಾಲಿನ ಪ್ಲಂಬರ್

ಮರೆತಿದ್ದ ಮಾತು: ಶಿಬಿರದ ಶುಲ್ಕ ವಾಪಸು ಪಡೆಯುವ ಬಗ್ಗೆ ಮಾತಾಡಲು ನನ್ನ ಹೆಂಡತಿ ಸೋಮವಾರ ತಮ್ಮ ಕಚೇರಿಗೆ ಬರುತ್ತಿದ್ದಾಳೆ. ಮಾತಾಡಲು ಎಂದು ಬರೆದದ್ದು ನನ್ನ ತಪ್ಪು, ಕ್ಷಮಿಸಿ. ಬಂದು ಕೂರುತ್ತಾಳೆ, ಅಷ್ಟೆ.