ಕೋಟೆಗೋಡೆಯ ಮೂಲ ನಿವಾಸಿಗಳು

ಹ್ವೇ ನಗರದ ರಾಜರ ಕೋಟೆಯನ್ನು, ಅದು ಫ್ರೆಂಚರ ಕೈಗೆ ಬಿದ್ದ ದಿನ ಹೇಗಿತ್ತೋ ಹಾಗೆಯೇ ಮರಳಿ ಕಟ್ಟತಕ್ಕದ್ದೆಂದು ನಮ್ಮ ಜೀರ್ಣೋದ್ಧಾರ ಕಚೇರಿ ತೀರ್ಮಾನಿಸಿತು. ಆ ದಿನ ಇದ್ದದ್ದೆಲ್ಲ ಇರತಕ್ಕದ್ದು, ಇಲ್ಲದ್ದೆಲ್ಲ ಹೋಗತಕ್ಕದ್ದು. ಹೀಗಾಗಿ, ಎಷ್ಟೋ ವರ್ಷಗಳ ನಂತರದ ಯುದ್ಧಕಾಲದಲ್ಲಿ ಗೋಡೆಯ ಮೇಲೆ ಗುಡಿಸಲು ಹಾಕಿಕೊಂಡ ಸಂಸಾರಗಳಿಗೆ ಊರಾಚೆ ಮನೆ ಮಂಜೂರಾಯಿತು. ಕಚೇರಿಯ ಗುಮಾಸ್ತನಾದ ನಾನೇ ಧ್ವನಿವರ್ಧಕ ಹಿಡಿದು ಸಾರಿದೆ.

ಗೋಡೆಯ ಮೇಲಿನವರು ಗಂಟುಮೂಟೆ ಕಟ್ಟತೊಡಗಿದರು. ಅವರಲ್ಲಿ ನ್ಯಾನ್ ಅಜ್ಜಿ ಮಾತ್ರ ಒಲೆ ಮುಂದಿನಿಂದ ಏಳಲಿಲ್ಲ.

"ನನ್ನ ಗಂಡ ಪ್ರಾಣ ಬಿಟ್ಟಿದ್ದು ಇದೇ ಮಂಚದ ಮೇಲೆ ಕಣಪ್ಪ. ಎಡೆ ಇಟ್ಟಾಗೆಲ್ಲ ಇಲ್ಲಿಗೇ ಬರ್ತಾರೆ. ಬದುಕಿದ್ದಾಗ್ಲೇ ಸಂತೆಗೆ ಹೋದ್ರೆ ದಾರಿ ತಪ್ತಿದ್ದ ಮನುಷ್ಯ, ಊರಾಚೆ ಮನೆ ಹುಡುಕ್ತಾರಾ?"

ನನಗೆ ಪಾಪ ಅನ್ನಿಸಿತು. ಆದರೆ ಆಗ ನಾನು ಕರ್ತವ್ಯದ ಮೇಲಿದ್ದೆ.

ಅಷ್ಟರಲ್ಲಿ ಚಾಂದ್ರಮಾನದ ಐದನೇ ತಿಂಗಳು ಬಂತು. ಕೋಟೆ ಬಿದ್ದಾಗ ಸತ್ತ ಅನಾಥ ಆತ್ಮಗಳಿಗೆ ಮನೆಮನೆಯವರೂ ಬೀದಿಯಲ್ಲಿ ಮೇಜು ಹಾಕಿ ಗಂಜಿ, ಉಪ್ಪು, ಅಕ್ಕಿ ಇಡುವ ತಿಂಗಳು. ಅವರಿಗೆ ಎಡೆ ಇಡದೆ ಗೋಡೆ ಮುಟ್ಟುವುದಿಲ್ಲವೆಂದು ಕೂಲಿಯವರು ಹಾರೆ ಕೆಳಗಿಟ್ಟರು. ಈ ಆತ್ಮಗಳಿಗೆ ಸರ್ಕಾರ ಯಾವ ಲೆಕ್ಕದಲ್ಲಿ ಊಟ ಹಾಕುತ್ತದೆ ಎಂದು ಮೇಲಧಿಕಾರಿಗಳು ಕೇಳಿದರು. ನಮ್ಮ ನಿರ್ದೇಶಕರಾದ ಖೀಮ್ ಸಾಹೇಬರು ರಾಜವಂಶದ ದೂರದ ಕುಡಿ. ಅವರು ಕೂಡಲೇ ನಿಯಮ ಹೊರಡಿಸಿದರು: "ಸದರಿ ಆತ್ಮಗಳು ಕೋಟೆ ಬಿದ್ದ ದಿನ ಸ್ಥಳದಲ್ಲಿ ಹಾಜರಿದ್ದುದರಿಂದ ಅವರೇ ಮೂಲ ನಿವಾಸಿಗಳು. ಸತ್ತವರನ್ನು ಗೋಡೆಯಿಂದ ಯಾವ ಕಾರಣಕ್ಕೂ ಎಬ್ಬಿಸತಕ್ಕದ್ದಲ್ಲ."

ಮರುದಿನವೇ ಅಜ್ಜಿ ಕಚೇರಿಗೆ ಬಂದಳು.

"ನನ್ನನ್ನೂ ಸತ್ತೋರ ಲೆಕ್ಕಕ್ಕೆ ಹಾಕ್ಕೊಳ್ಳಿ ಸ್ವಾಮಿ."

"ಉಸಿರಾಡ್ತಾ ಇದ್ದೀರಲ್ಲ ಅಜ್ಜಿ?" ಎಂದರು ಸಾಹೇಬರು.

"ಹಳೇ ಚಾಳಿ. ಬಿಟ್ಬಿಡ್ತೀನಿ, ಸ್ವಲ್ಪ ಟೈಮ್ ಕೊಡಿ."

ಸಾಹೇಬರು ನಿಯಮವನ್ನು ಮತ್ತೆ ಓದಿದರು. ಅದರಲ್ಲಿ ಉಸಿರಿನ ಪ್ರಸ್ತಾಪವೇ ಇರಲಿಲ್ಲ. ಪ್ರವಾಸಿಗರ ಕಣ್ಣಿಗೆ ಬೀಳಕೂಡದು, ಬಿದ್ದರೂ ಮಾತಾಡಿಸಕೂಡದು ಎಂಬ ಷರತ್ತಿನ ಮೇಲೆ ಅಜ್ಜಿಯ ಮರಣಕ್ಕೆ ಅನುಮತಿ ಸಿಕ್ಕಿತು. ಎಡೆಯ ದಿನ ಸಾಹೇಬರು ಊದುಬತ್ತಿ ಹಚ್ಚಿ, ಮೂರು ಸಲ ತಲೆಬಾಗಿ, ಗಂಜಿಯ ಬಟ್ಟಲನ್ನು ಅಜ್ಜಿಯ ಮುಂದಿಟ್ಟರು.

"ಉಪ್ಪೇ ಇಲ್ಲ. ಸತ್ತೋರಿಗೆ ನಾಲಿಗೆ ಇಲ್ಲ ಅಂದ್ಕೊಂಡ್ರಾ?"

ಸಾಹೇಬರು ಕ್ಷಮೆ ಕೋರಿ ಉಪ್ಪು ತರಿಸಿದರು.

ಒಬ್ಬರು ಸತ್ತು ಸುಖವಾಗಿರುವುದನ್ನು ಕಂಡರೆ ನೆರೆಹೊರೆಯವರು ಸುಮ್ಮನಿರುತ್ತಾರೆಯೇ? ಆ ತಿಂಗಳು ಕಳೆಯುವುದರೊಳಗೆ ಗೋಡೆಯ ಮೇಲಿನವರೆಲ್ಲ ಸಂಸಾರ ಸಮೇತ ಸತ್ತರು. ಒಬ್ಬಳು ಬಸುರಿಗೆ ಮುಂಗಡವಾಗಿ ಎರಡು ಮರಣ ಮಂಜೂರಾಯಿತು. ಊರಾಚೆಯ ಮನೆಗಳಿಗೆ ಕಚೇರಿಯವರೇ ಹೋಗಿ ಸೇರಿಕೊಂಡೆವು. ಖಾಲಿ ಬಿಡುವುದು ತರವಲ್ಲ.

ಕೊನೆಗೆ ತೆರವಿನ ಕೆಲಸ ಪರಿಶೀಲಿಸಲು ರಾಜಧಾನಿಯಿಂದ ಹಿರಿಯ ಅಧಿಕಾರಿಗಳು ಬಂದರು. ಗುಡಿಸಲುಗಳಲ್ಲಿ ಒಲೆ ಉರಿಯುತ್ತಿತ್ತು, ತಂತಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಅಧಿಕಾರಿಗಳು ಧ್ವನಿವರ್ಧಕ ಇಸಿದುಕೊಂಡು ಕೂಗಿದರು.

"ಜೀವಂತವಾಗಿರೋರು ಯಾರಾದ್ರೂ ಇನ್ನೂ ಉಳ್ಕೊಂಡಿದ್ದೀರಾ?"

"ಯಾರೂ ಇಲ್ಲ ಸ್ವಾಮೀ!" ಎಂದು ಗೋಡೆಯುದ್ದಕ್ಕೂ ಉತ್ತರ ಬಂತು.

ಅಧಿಕಾರಿಗಳು ಅದನ್ನೇ ಬರೆದುಕೊಂಡು, ನಮ್ಮ ಕೈಕುಲುಕಿ ಹೊರಟರು.